ಬಿಲ್ಲು ನೋಡಿ ಬಾಣ ಆರಿಸಿ

ಹೊಳಲ್ಕೆರೆ, ಹೊಸದುರ್ಗದ ಕಡೆ ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕಾಡುಹಂದಿಗಳ ಕಾಟ ಶುರುವಾಗುತ್ತದೆ. ರಜೆಗೆ ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತ ಹಿರಿಯರು ನನ್ನನ್ನು ಬಿಡುವುದಿಲ್ಲ. ‘ಇಂಜಿನಿಯರಿಂಗ್ ಓದ್ತೀಯಲ್ಲಪ್ಪ, ಹಂದಿ ಬೀಳಿಸೋ ಬಾಣ ಎಂಥದ್ದಿರಬೇಕು ಹೇಳು ನೋಡಾಣ’ ಎನ್ನುತ್ತಾರೆ. ಇತ್ತ ಹಾಸ್ಟೆಲಿನಲ್ಲಿ ಹಿರಿಯೂರಿನ ಗೆಳೆಯರು ಅಮೆರಿಕದ ಬಿಲ್ಲುಬೇಟೆಯ ವಿಡಿಯೊ ನೋಡಿ, ಆನ್‌ಲೈನಿನಲ್ಲಿ ಬಾಣ ಹುಡುಕುತ್ತಾರೆ. ಬೇಡ ನಾಯಕರು ಆಳಿದ ದುರ್ಗದವರು ನಾವು, ಬಿಲ್ಲಿನ ಮೇಲೆ ಆಸೆ ಇರುವುದು ಸಹಜ. ಆದರೆ ಬಾಣವೆಂದರೆ ಚೂಪಾದ ಕಡ್ಡಿಯಷ್ಟೇ ಎಂದುಕೊಂಡರೆ ಹಣವೂ ಹೋಗುತ್ತದೆ, ಕೈಗೂ ಪೆಟ್ಟಾಗಬಹುದು.

ಬಾಗುವ ಬಾಣವೇ ಬಾಣ

ಬಾಣ ನೇರವಾಗಿ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ, ಹೆದೆಯಿಂದ ಬಿಡುಗಡೆಯಾದ ಕ್ಷಣದಲ್ಲಿ ಅದು ಮೀನಿನಂತೆ ಅತ್ತಿತ್ತ ಬಳುಕುತ್ತಾ, ಬಿಲ್ಲಿನ ಹಿಡಿಯನ್ನು ಸುತ್ತಿ ಮುಂದೆ ಹೋಗುತ್ತದೆ. ಎಷ್ಟು ಬಳುಕಬೇಕು ಎಂಬುದನ್ನು ಹೇಳುವ ಅಳತೆಗೆ ‘ಸ್ಪೈನ್’ ಎನ್ನುತ್ತಾರೆ. ಇದನ್ನು ಅಳೆಯುವ ಕ್ರಮ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಲ್ಯಾಬಿನ ಬೀಮ್ ಪ್ರಯೋಗವೇ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣದ ಕಡ್ಡಿಯನ್ನಿಟ್ಟು, ನಡುವೆ ಸುಮಾರು 880 ಗ್ರಾಂ ತೂಕ ನೇತುಹಾಕುತ್ತಾರೆ. ಅದು ಅರ್ಧ ಇಂಚು ಬಾಗಿದರೆ ಸ್ಪೈನ್ 500. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಡಸು.

ಬಿಲ್ಲು ಬಲವಾದದ್ದಾದರೆ ಗಡಸು ಬಾಣ ಬೇಕು, ಮೆತ್ತನೆಯ ಬಿಲ್ಲಿಗೆ ಮೆತ್ತನೆಯದೇ ಸರಿ. ಬಾಣ ಉದ್ದವಾದರೆ ಅಥವಾ ಮೊನೆ ಭಾರವಾದರೆ ಅದು ಇನ್ನಷ್ಟು ಮೆತ್ತಗಾದಂತೆ ವರ್ತಿಸುತ್ತದೆ. ಪರೀಕ್ಷಿಸುವುದು ಸುಲಭ. ಗರಿಯಿರುವ ಮೂರು ಬಾಣಗಳ ಜತೆ ಗರಿಯಿಲ್ಲದ ಒಂದನ್ನು ಬಿಡಿ. ಬಲಗೈಯವರು ರಿಕರ್ವ್ ಬಿಲ್ಲಿನಿಂದ ಬಿಟ್ಟಾಗ ಗರಿಯಿಲ್ಲದ್ದು ಗುಂಪಿನ ಬಲಕ್ಕೆ ಬಿದ್ದರೆ ಬಾಣ ಮೆತ್ತಗಾಗಿದೆ, ಎಡಕ್ಕೆ ಬಿದ್ದರೆ ಗಡಸಾಗಿದೆ ಎಂದರ್ಥ.

ಎರಡನೆಯದು ಸಮತೋಲ. ತೂಕ ಮುಂದಕ್ಕೆ ವಾಲಿರಬೇಕು. 70 ಸೆಂ.ಮೀ. ಬಾಣದ ನಡು 35ಕ್ಕೆ ಬರುತ್ತದೆ. ಬೆರಳ ಮೇಲೆ ಅದು ಹಿಂಬದಿಯಿಂದ 42 ಸೆಂ.ಮೀ.ನಲ್ಲಿ ನಿಂತರೆ, ಮುಂದಕ್ಕೆ ವಾಲಿದ್ದು 7 ಸೆಂ.ಮೀ., ಅಂದರೆ ಶೇ 10. ಶೇ 10ರಿಂದ 15 ಸಾಮಾನ್ಯವಾಗಿ ಒಪ್ಪುವ ಅಳತೆ.

ಬೇಟೆಯ ಲೆಕ್ಕವೇ ಬೇರೆ

ದೊಡ್ಡ ಪ್ರಾಣಿಯ ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಭಾರವಾದ ಬಾಣ ಆರಿಸುತ್ತಾರೆ. ಯಾಕೆಂದರೆ, 20 ಗ್ರಾಂ ಬಾಣ ಸೆಕೆಂಡಿಗೆ 55 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 30 ಜೂಲ್, ಸಂವೇಗ 1.1. ಅದೇ ಶಕ್ತಿಯಲ್ಲಿ 30 ಗ್ರಾಂ ಬಾಣದ ವೇಗ 45ಕ್ಕೆ ಇಳಿಯುತ್ತದೆ. ಆದರೆ ಸಂವೇಗ 1.35ಕ್ಕೆ ಏರುತ್ತದೆ. ವೇಗ ಕಳೆದುಕೊಂಡರೂ ಅದು ಆಳಕ್ಕೆ ಇಳಿಯುತ್ತದೆ.

ಆಳ ಯಾಕೆ ಮುಖ್ಯ ಎಂಬುದನ್ನು ವಿಡಿಯೊಗಳು ಹೇಳುವುದಿಲ್ಲ. ಬಾಣ ಕೊಲ್ಲುವುದು ಗುಂಡಿನಂತೆ ಆಘಾತದಿಂದಲ್ಲ, ರಕ್ತಸ್ರಾವದಿಂದ. ತಪ್ಪು ಬಾಣ ಹೊಕ್ಕ ಪ್ರಾಣಿ ತಕ್ಷಣ ಸಾಯುವುದಿಲ್ಲ. ಕಾಡಿನೊಳಗೆ ಓಡಿ, ಕೀವು ತುಂಬಿ, ದಿನಗಟ್ಟಲೆ ನರಳುತ್ತದೆ. ಅಲ್ಲಿನ ಹಲವು ಕಡೆ ಬಿಲ್ಲಿನ ಕನಿಷ್ಠ ಬಲ, ಮೊನೆಯ ಅಗಲ ಇಷ್ಟಿರಬೇಕು ಎಂದು ಕಾನೂನೇ ಹೇಳುವುದು ಇದಕ್ಕಾಗಿ.

ನಮ್ಮಲ್ಲಿ ಆ ಪ್ರಶ್ನೆಯೇ ಏಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಜೋಗಿಮಟ್ಟಿ ಸುತ್ತಲಿನ ಚಿರತೆ, ಕರಡಿಯಂಥ ಮೊದಲ ಪರಿಚ್ಛೇದದ ಪ್ರಾಣಿಗಳನ್ನು ಕೊಂದರೆ 3ರಿಂದ 7 ವರ್ಷ ಜೈಲು. ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹೆಸರಿನ ಮುಂದೆ ಒಂದು ಮೊಕದ್ದಮೆ ಬಿದ್ದರೆ, ಪೊಲೀಸ್ ಪರಿಶೀಲನೆಯಲ್ಲೇ ಕನಸು ಮುಗಿಯಬಹುದು. ಹಂದಿಯಿಂದ ಬೆಳೆ ಹೋದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ದಾರಿಯಿದೆ. ಕಟ್ಟೆಯ ಹಿರಿಯರಿಗೆ ಆ ಅರ್ಜಿ ತುಂಬಿಕೊಡುವುದೇ ಓದಿದ ನಾವು ಮಾಡಬಹುದಾದ ಕೆಲಸ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಪ್ರಾಣಿಗಳಲ್ಲಿ ದಯೆ ಇರಲಿ ಎಂದು ಅದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಹೇಳಿದೆ.

ಗುರಿ ಬದಲಿಸಿ, ಬಿಲ್ಲು ಬಿಡಬೇಡಿ

ಬಿಲ್ಲಿನ ಆಸೆ ತೀರಿಸಿಕೊಳ್ಳಲು ಕ್ರೀಡೆ ಇದೆ. ರಾಜಸ್ಥಾನದ ಆದಿವಾಸಿ ಕುಟುಂಬದ ಲಿಂಬಾ ರಾಮ್ ಹುಡುಗನಾಗಿದ್ದಾಗ ಬಿದಿರಿನ ಬಿಲ್ಲಿನಲ್ಲಿ ಹಕ್ಕಿ ಹೊಡೆಯುತ್ತಿದ್ದವರು. ಮುಂದೆ ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶವನ್ನು ಪ್ರತಿನಿಧಿಸಿದರು. ಕೈಗಳೇ ಇಲ್ಲದ ಶೀತಲ್ ದೇವಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜತೆ ಕಂಚು ಗೆದ್ದರು. ದುಬಾರಿ ಬಿಲ್ಲು ಕೊಳ್ಳಲಾಗದವರಿಗೆ ‘ಇಂಡಿಯನ್ ರೌಂಡ್’ ಇದೆ. ಬಿದಿರು, ಮರದ ಬಿಲ್ಲಿನಲ್ಲಿ 30 ಮತ್ತು 50 ಮೀಟರ್ ದೂರದ ಗುರಿಗೆ ಹೊಡೆಯಬೇಕು.

ಹೊಸಬರು ಮೊದಲ ದಿನವೇ ದುಬಾರಿ ಕಾರ್ಬನ್ ಬಾಣ ಕೊಳ್ಳಬೇಡಿ. ಅಭ್ಯಾಸವಾದಂತೆ ನೀವು ಎಳೆಯುವ ಉದ್ದವೂ ಬಿಲ್ಲಿನ ಬಲವೂ ಹೆಚ್ಚುತ್ತವೆ, ಆಗ ಹಳೆಯ ಬಾಣ ಹೊಂದುವುದಿಲ್ಲ. ಅಲ್ಯೂಮಿನಿಯಂ ಬಾಣ ಸಾಕು, ಎಳೆತಕ್ಕಿಂತ ಎರಡು ಇಂಚು ಉದ್ದವಿರಲಿ. ಗಿಡ್ಡ ಬಾಣ ಆಸರೆಯಿಂದ ಜಾರಿ ಕೈಗೇ ನಾಟಬಹುದು. ಕಾರ್ಬನ್ ಬಾಣವಾದರೆ ಪ್ರತಿಸಲ ಬಿಡುವ ಮೊದಲು ಮೆಲ್ಲಗೆ ಬಾಗಿಸಿ, ಬಿರುಕಿನ ಸದ್ದಿದೆಯೇ ಎಂದು ಕೇಳಿಸಿಕೊಳ್ಳಿ. ಬಿರುಕು ಬಿಟ್ಟ ಬಾಣ ಹೆದೆಯಲ್ಲೇ ಸೀಳಿ ಅಂಗೈ ಹೊಕ್ಕೀತು.

ಬೇರೆಯವರ ಬಾಣ ನೋಡಿ ನಿಮ್ಮದನ್ನು ಕೊಳ್ಳಬೇಡಿ. ನಿಮ್ಮ ಬಿಲ್ಲಿನ ಬಲ, ನಿಮ್ಮ ತೋಳಿನ ಉದ್ದ ಅಳೆದು ಆರಿಸಿ. ಕೋರ್ಸು, ಕೆಲಸ ಆರಿಸುವಾಗಲೂ ಇದೇ ಲೆಕ್ಕ ಸರಿಹೋಗುತ್ತದೆ, ಅಲ್ಲವೇ?