ಓಟದ ಕಾರಿನಲ್ಲಿ ಬ್ಯಾಟರಿಗೆ ಎಲ್ಲಿ ಎಡೆ?

ವಿಜಯಪುರದಲ್ಲಿ ಗೋಲಗುಮ್ಮಟವನ್ನು ನೋಡಲೆಂದು ಟಾಂಗಾ ಏರಿದವರಿಗೆ, "ಸ್ವಲ್ಪ ಮುಂದ ಸರದ ಕೂಡ್ರಿ" ಎಂಬ ಮಾತು ಹೊಸದಲ್ಲ. ಭಾರವು ಹಿಂದೆ ಹೆಚ್ಚಾದರೆ ಮೂಕಿಗಳು ಮೇಲೇಳುತ್ತವೆ. ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಹೊರೆಯಾಗುತ್ತದೆ. ಭಾರ ಎಷ್ಟು ಎಂಬುದರಷ್ಟೇ ಭಾರ ಎಲ್ಲಿ ಎಂಬುದೂ ಮುಖ್ಯವೆಂದು ಟಾಂಗಾದವನು ಬಲ್ಲ. ಓಟದ ಕಾರುಗಳನ್ನು ಸಿದ್ಧಪಡಿಸುವವರು ಬ್ಯಾಟರಿಯನ್ನು ಎಂಜಿನ್ನಿನ ಬದಿಯಿಂದ ತೆಗೆದು ಹಿಂದಿನ ಡಿಕ್ಕಿಗೆ ಸಾಗಿಸುವುದೂ ಇದೇ ತತ್ತ್ವವನ್ನು ಅನುಸರಿಸಿ.

ಕೆಲವು ಕಾಲದ ಹಿಂದೆ ನನ್ನ ಪರಿಚಯದ ಮೂವರು ಹುಡುಗರು, ಇಬ್ಬರು ತಿಕೋಟಾದವರು, ಒಬ್ಬ ಬಬಲೇಶ್ವರದವನು, ಹಳೆಯ ಕಾರೊಂದನ್ನು ಮಣ್ಣುಹಾದಿಯ ಪಂದ್ಯಕ್ಕೆ ಅಣಿಗೊಳಿಸುತ್ತಿದ್ದರು. ಬ್ಯಾಟರಿಯನ್ನು ಹಿಂದಕ್ಕೊಯ್ದು, ಕೈಗೆ ಸಿಕ್ಕ ತೆಳು ತಂತಿಯನ್ನು ಮುಂದಕ್ಕೆ ಎಳೆದಿದ್ದರು. ಕೀಲಿ ತಿರುಗಿಸಿದಾಗ ಎಂಜಿನ್ ನರಳಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮೂರನೆಯ ಪ್ರಯತ್ನದಲ್ಲಿ ಸೀಟಿನ ಕೆಳಗಿನಿಂದ ಹೊಗೆ ಬಂದಿತು. ತಗಡಿನ ರಂಧ್ರದ ಅಂಚಿಗೆ ತಂತಿಯ ಹೊದಿಕೆ ಉಜ್ಜಿ ಹರಿದಿತ್ತು. ಪೆಟ್ರೋಲಿನ ಕೊಳವೆ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಒಬ್ಬನು ಓಡಿಹೋಗಿ ಬ್ಯಾಟರಿಯ ತುದಿಯನ್ನು ಕಿತ್ತದ್ದರಿಂದ ಅನಾಹುತ ತಪ್ಪಿತು. ಅವರ ತಪ್ಪುಗಳು ಯಾವುವೆಂಬುದನ್ನು ವಿಚಾರಿಸೋಣ.

ಸನ್ನೆಯ ಲೆಕ್ಕ

ಮೊದಲು ಅವರ ಉದ್ದೇಶ ಸರಿಯೇ ಎಂಬುದನ್ನು ನೋಡೋಣ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 2.4 ಮೀಟರ್, ಬ್ಯಾಟರಿಯ ತೂಕ 16 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಮುಂದಿನ ಅಚ್ಚಿನ ಮೇಲಿದ್ದ ಅದನ್ನು 3 ಮೀಟರ್ ಹಿಂದಕ್ಕೆ, ಎಂದರೆ ಹಿಂದಿನ ಅಚ್ಚಿಗಿಂತಲೂ 0.6 ಮೀಟರ್ ಆಚೆಗೆ, ಇರಿಸೋಣ. ಆಗ ಹಿಂದಿನ ಗಾಲಿಗಳ ಮೇಲೆ ಹೆಚ್ಚುವ ಭಾರ 16 × 3 ÷ 2.4, ಅಂದರೆ 20 ಕಿಲೋಗ್ರಾಂ! ಬ್ಯಾಟರಿಯ ತೂಕಕ್ಕಿಂತ ಹೆಚ್ಚಿನ ಭಾರ ಎಲ್ಲಿಂದ ಬಂದಿತು? ಹಿಂದಿನ ಅಚ್ಚಿನ ಆಚೆಗಿರುವ ತೂಕವು ಸನ್ನೆಯಂತೆ ಕಾರಿನ ಮೂತಿಯನ್ನು ತುಸು ಮೇಲೆತ್ತುತ್ತದೆ. ಮುಂದಿನ ಗಾಲಿಗಳಿಂದ ಇನ್ನೂ 4 ಕಿಲೋಗ್ರಾಂ ಹಿಂದಕ್ಕೆ ವರ್ಗವಾಗುತ್ತದೆ. ಎಂಜಿನ್ನಿನಿಂದ ಮುಂಭಾರವಾಗಿರುವ ಕಾರು ಇದರಿಂದ ತಿರುವುಗಳಲ್ಲಿ ಹೆಚ್ಚು ಸಮತೋಲವಾಗಿ ನಡೆಯುತ್ತದೆ.

ಬ್ಯಾಟರಿಗೆ ಹಿಂದೆ ಎಡೆಮಾಡುವುದು ಹೊಸ ಸಂಗತಿಯಲ್ಲ. ಅಲೆಕ್ ಇಸಿಗೊನಿಸ್ ರೂಪಿಸಿ 1959ರಲ್ಲಿ ಹೊರಬಂದ ಪುಟ್ಟ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಮುಂದೆ, ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿ ಇದ್ದಿತು. ಆ ಮಿನಿಯೇ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು.

ಉದ್ದವಾದ ತಂತಿ ದಪ್ಪವಾಗಲಿ

ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ಕ್ಷಣಕಾಲ ಸುಮಾರು 200 ಆಂಪಿಯರ್ ಪ್ರವಾಹ ಬೇಕೆನ್ನೋಣ. 16 ಚದರ ಮಿಲಿಮೀಟರ್ ಛೇದವಿರುವ 5 ಮೀಟರ್ ತಾಮ್ರದ ತಂತಿಯ ರೋಧ ಸುಮಾರು 0.0054 ಓಮ್. ಅತ್ಯಲ್ಪವೆಂದು ತೋರುತ್ತದಲ್ಲವೆ? ಆದರೆ ಓಮನ ನಿಯಮದಂತೆ 200 ಆಂಪಿಯರಿಗೆ ಒಂದು ವೋಲ್ಟಿಗೂ ಮಿಗಿಲಾಗಿ ತಂತಿಯಲ್ಲಿಯೇ ನಷ್ಟವಾಗುತ್ತದೆ. ಛೇದವನ್ನು 50 ಚದರ ಮಿಲಿಮೀಟರಿಗೆ ಏರಿಸಿದರೆ ನಷ್ಟ 0.34 ವೋಲ್ಟಿಗೆ ಇಳಿಯುತ್ತದೆ. ಹುಡುಗರ ತಂತಿಯಾದರೋ ಇವೆರಡಕ್ಕಿಂತಲೂ ತೆಳುವಾಗಿತ್ತು. ಎಂಜಿನ್ ನರಳಿದ್ದರಲ್ಲಿ ಅಚ್ಚರಿಯಿಲ್ಲ.

ಪ್ರವಾಹವು ಹಿಂದಿರುಗುವ ದಾರಿಯನ್ನೂ ಮರೆಯಲಾಗದು. ಸಾಮಾನ್ಯವಾಗಿ ಕಾರಿನ ಉಕ್ಕಿನ ಒಡಲೇ ಆ ದಾರಿ. ತಂತಿ ಸೇರುವೆಡೆ ಬಣ್ಣವನ್ನು ಕೆರೆದು ಲೋಹ ಲೋಹಕ್ಕೆ ತಗಲುವಂತೆ ಬೋಲ್ಟಿನಿಂದ ಬಿಗಿಯಬೇಕು. ಎಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ಒಡಲಿಗೂ ನಡುವೆ ದಪ್ಪ ತಂತಿಯೊಂದು ಬೇಕು.

ಬೆಂಕಿಯ ಭಯ

ಈಗ ಹೊಗೆಯ ಕಾರಣ. ದಪ್ಪ ತಂತಿಯೊಂದು ಒಡಲಿಗೆ ತಗಲಿತೆನ್ನೋಣ. ಬ್ಯಾಟರಿಯ ಒಳರೋಧ 0.01 ಓಮ್, ತಂತಿಯದು 0.002 ಓಮ್ ಆದರೆ 12 ವೋಲ್ಟಿನ ಬ್ಯಾಟರಿಯಿಂದ 1000 ಆಂಪಿಯರ್ ಹರಿಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ 2000 ವ್ಯಾಟ್! ನೀರು ಕಾಯಿಸುವ ಎರಡು ದೊಡ್ಡ ವಿದ್ಯುತ್ ಸರಳುಗಳನ್ನು ಸೀಟಿನ ಕೆಳಗಿಟ್ಟಂತೆ. ಆದ್ದರಿಂದ ಫ್ಯೂಸು ಬ್ಯಾಟರಿಯ ಸಮೀಪದಲ್ಲಿಯೇ ಇರತಕ್ಕದ್ದು; ತಂತಿಯ ಆಚೆಯ ತುದಿಯಲ್ಲಿಟ್ಟರೆ ನಡುದಾರಿಯ ತಂತಿಗೆ ರಕ್ಷಣೆಯಿಲ್ಲ. ತಗಡನ್ನು ತೂರುವೆಡೆ ರಬ್ಬರಿನ ಬಳೆ ಹಾಕಬೇಕು. ಪೆಟ್ರೋಲಿನ ಕೊಳವೆ, ಹೊಗೆಕೊಳವೆಗಳಿಂದ ತಂತಿಯನ್ನು ದೂರವಿಟ್ಟು ಅಲ್ಲಲ್ಲಿ ಕಟ್ಟಬೇಕು.

ಗಂಧಕಾಮ್ಲದ ಬ್ಯಾಟರಿಯು ವಿದ್ಯುತ್ತನ್ನು ತುಂಬಿಕೊಳ್ಳುವಾಗ ಜಲಜನಕವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಭಾಗವಾದರೆ ಕಿಡಿಯೊಂದೇ ಸಾಕು. ಆದುದರಿಂದ ಅಂಥ ಬ್ಯಾಟರಿಗೆ ಆಮ್ಲ ಸೋರದ ಪೆಟ್ಟಿಗೆ, ಅದರಿಂದ ಹೊರಕ್ಕೆ ಗಾಳಿಕೊಳವೆ ಅವಶ್ಯ. ಪೆಟ್ಟಿಗೆಯನ್ನು ಬಲವಾಗಿ ಬಿಗಿಯಬೇಕು. ಡಿಕ್ಕಿ ಹೊಡೆದಾಗ ವೇಗವು ಗುರುತ್ವದ 20 ಪಟ್ಟಿನಂತೆ ಕುಗ್ಗಿದರೆ, 16 ಕಿಲೋಗ್ರಾಂ ಬ್ಯಾಟರಿ 320 ಕಿಲೋಗ್ರಾಂ ತೂಕದಷ್ಟು ಬಲದಿಂದ ಮುನ್ನುಗ್ಗುತ್ತದೆ.

ಪಂದ್ಯದ ಕಾರುಗಳ ಹೊರಮೈಯಲ್ಲಿ ಬಿಳಿಯ ಅಂಚಿನ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತನ್ನು ನೀವು ಕಂಡಿರಬಹುದು. ಹೊರಗಿನವರೂ ವಿದ್ಯುತ್ತನ್ನು ಕಡಿಯಬಲ್ಲ ಮುಖ್ಯ ಸ್ವಿಚ್ಚು ಅಲ್ಲಿದೆ. ಬ್ಯಾಟರಿಯನ್ನು ಮಾತ್ರ ಕಡಿದರೆ ಸಾಲದು. ತಿರುಗುತ್ತಿರುವ ಆಲ್ಟರ್ನೇಟರು ಎಂಜಿನ್ನಿಗೆ ಕಿಡಿಯನ್ನು ಒದಗಿಸುತ್ತಲೇ ಇರಬಹುದು. ಸ್ವಿಚ್ಚು ಅದನ್ನೂ ಕಡಿಯಬೇಕು.

ಹುಡುಗರು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದರು. ದಪ್ಪ ತಂತಿಯ ಬೆಲೆಯನ್ನು ಕೇಳಿ ಅವರಲ್ಲೊಬ್ಬನ ತಂದೆ, ತಿಕೋಟಾದ ದ್ರಾಕ್ಷಿ ಬೆಳೆಗಾರರು, ಗೊಣಗಲಿಲ್ಲ. "ಬೋರ್ ಆಳ ಆದಂಗ ಕೇಬಲ್ ದಪ್ಪ ಬೇಕs ಬೇಕಲ್ರೀ ಸರ್. ತೆಳ್ಳಂದ ಹಾಕಿ ನಾ ಒಂದ ಮೋಟ್ರ ಸುಟಗೊಂಡೀನಿ" ಎಂದರು. ಓಮನ ನಿಯಮವನ್ನು ಅವರು ತೋಟದಲ್ಲಿ ಕಲಿತಿದ್ದರು. ಅವರ ಮಗನು ಅದನ್ನು ಪುಸ್ತಕದಲ್ಲಿ ಓದಿ, ಸೀಟಿನ ಕೆಳಗಿನ ಹೊಗೆಯಲ್ಲಿ ಅರ್ಥಮಾಡಿಕೊಂಡನು.