ಬಿತ್ತಿದರಷ್ಟೇ ಬೆಳೆಯುವ ಕೆರೆಯ ಮೀನು

ಮಳೆಗಾಲದಲ್ಲಿ ಶೃಂಗೇರಿ, ತೀರ್ಥಹಳ್ಳಿ ಕಡೆಯ ನಮ್ಮ ತೋಟಗಳ ಬಸಿಗಾಲುವೆಯಿಂದ ಹೊರಬಿದ್ದ ನೀರು ತುಂಗೆಯನ್ನು ಸೇರುತ್ತದೆ. ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು, ಹರಪನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು ಮುಂದೆ ತುಂಗಭದ್ರಾ ಜಲಾಶಯವನ್ನು ತುಂಬುತ್ತದೆ. 1953ರಿಂದ ನೀರು ನಿಂತ ಈ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರು ಹರಡಿಕೊಳ್ಳುತ್ತದೆ. ಅದರ ಹಿನ್ನೀರು ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಹೊಲದಂಚಿಗೆ ಬರುತ್ತದೆ. ಕೂಡ್ಲಿಗಿ, ಕೊಟ್ಟೂರು ಕಡೆಯವು ಬಹುಕಾಲ ಮಳೆಯನ್ನೇ ನಂಬಿದ ಕೆರೆಗಳು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿರುವ ಈ ಐದೂ ತಾಲ್ಲೂಕುಗಳಲ್ಲಿ ಬಲೆಯನ್ನೇ ನಂಬಿ ಬದುಕುವ ಸಂಸಾರಗಳಿವೆ.

ಕೆರೆ ತುಂಬಿದರೆ ಮೀನು ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಮಂದಿಗೆ ಇದೆ. ಕೊರವ ಮೀನಿನಂಥ ಊರ ಮೀನುಗಳ ಮಟ್ಟಿಗೆ ಇದು ನಿಜ. ಪೇಟೆಯಲ್ಲಿ ಬೆಲೆ ತರುವ ಕಾಟ್ಲಾ, ರೋಹು, ಮೃಗಾಲ್‌ಗಳ ಮಾತು ಬೇರೆ. ಇವು ಮೂಲತಃ ಗಂಗಾ ಬಯಲಿನ ನದಿ ಮೀನುಗಳು. ಮಳೆಗಾಲದ ಹರಿಯುವ ಹೊಸ ನೀರಿನಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ಕೆರೆಯ ನಿಂತ ನೀರಿನಲ್ಲಿ ಇಡುವುದಿಲ್ಲ. ಮೊದಲೆಲ್ಲ ಇವುಗಳ ಮರಿಯನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಇಂಥ ಮೀನುಗಳಿಂದ ಕಟ್ಟುನೀರಿನಲ್ಲಿಯೇ ಮೊಟ್ಟೆಯಿಡಿಸಿದರು. ಇಂದು ಮರಿ ಕೇಂದ್ರಗಳಲ್ಲಿ ದೊರೆಯುವ ಬಿತ್ತನೆ ಮರಿಯ ಮೂಲ ಇದೇ. ಜುಲೈ 10 ಮೀನು ಕೃಷಿಕರ ದಿನವಾದುದೂ ಇದರಿಂದಲೇ.

ಆದ್ದರಿಂದ ಕೆರೆಯೂ ಒಂದು ಹೊಲವೇ. ಅಲ್ಲಿ ಪ್ರತಿವರ್ಷ ಬಿತ್ತನೆಯಾಗಬೇಕು. ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತದೆ. ಅಡಿಕೆಯ ನಡುವೆ ಬಾಳೆ, ಅದರ ಕೆಳಗೆ ಏಲಕ್ಕಿ ಹಾಕಿದ ಹಾಗೆ, ಮೂರನ್ನೂ ಬೆರೆಸಿ ಬಿಟ್ಟರೆ ಒಂದರ ಮೇವಿಗೆ ಇನ್ನೊಂದು ಅಡ್ಡಬರುವುದಿಲ್ಲ. ಋತುಮಾನದ ಕೆರೆಗೆ ಎಕರೆಗೆ ಸುಮಾರು 1,500ರಿಂದ 2,000 ಮರಿ ಸಾಕು. ಮರಿ ಬೆರಳುದ್ದಕ್ಕಿಂತ ಚಿಕ್ಕದಿರಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಅಗ್ಗವೆಂದು ತಂದು ಸುರಿದರೆ ಕೊರವನಿಗೂ ಹಕ್ಕಿಗೂ ಊಟವಾಗುತ್ತದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ನೋಡಿದವರಿಗೆ ಹಕ್ಕಿಗಳ ಹಸಿವು ಎಷ್ಟೆಂಬುದು ತಿಳಿದೀತು. ಸುಮಾರು 244 ಎಕರೆಯ ಆ ನೀರಾವರಿ ಕೆರೆ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ನೀರಹಕ್ಕಿಗಳಿಂದಾಗಿ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಮರಿಯ ಚೀಲವನ್ನು ತಂದ ಕೂಡಲೇ ಬಿಚ್ಚಿ ಸುರಿಯಬಾರದು. ಕಾಲು ಗಂಟೆ ಕೆರೆಯ ನೀರಿನಲ್ಲಿ ತೇಲಲು ಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬಂದ ಮೇಲೆ, ಬೆಳಗಿನ ಇಲ್ಲವೇ ಸಂಜೆಯ ತಂಪಿನಲ್ಲಿ ಬಿಡಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಮರಿಯನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ಅದು ಇತರ ಮೀನನ್ನೆಲ್ಲ ತಿಂದು ಹಾಕುತ್ತದೆ. ಅದರ ಸಾಕಣೆಗೆ ನಿಷೇಧವೂ ಇದೆ.

ಬಿತ್ತಿದ್ದನ್ನು ಕೊಯ್ಯುವುದಕ್ಕೂ ಕಾಲವಿದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಎಳೆದರೆ ಮುಂದೆ ಒಂದು ಕಿಲೋ ತೂಗಬೇಕಾದ ಮೀನು ಇಂದೇ ಬುಟ್ಟಿಗೆ ಬೀಳುತ್ತದೆ. ಇದು ಹೀಚು ಅಡಿಕೆಯ ಗೊನೆ ಇಳಿಸಿದಂತೆ. ಮಲೆನಾಡಿನಲ್ಲಿ ಮೊದಲ ಮಳೆಗೆ ಹಳ್ಳ ಏರಿ ಬರುವ ಹತ್ತುಮೀನು ಕಡಿಯುವ ಚಟವನ್ನು ನಾವೂ ಬಿಡಬೇಕು. ಏರಿ ಬರುವುದು ಮೊಟ್ಟೆ ತುಂಬಿದ ತಾಯಿ ಮೀನು.

ಇನ್ನು ನೀರಿನ ಮಾತು. ಏಪ್ರಿಲ್, ಮೇ ಹೊತ್ತಿಗೆ ಬಯಲುಸೀಮೆಯ ಕೆರೆ ತಳ ಕಾಣುತ್ತದೆ. ಆಗ ಅಡಿಕೆ ಒಣಗುತ್ತಿದೆಯೆಂದು ನಾಲ್ಕು ಪಂಪು ಇಟ್ಟು ಉಳಿದ ನೀರನ್ನೂ ಎತ್ತಿದರೆ ಬೆಸ್ತರ ವರ್ಷದ ಬೆಳೆ ಒಂದು ವಾರದಲ್ಲಿ ಸಾಯುತ್ತದೆ. ತೋಟಕ್ಕೂ ನೀರು ಬೇಕು, ನಿಜ. ಆದರೆ ಮರಿ ಬಿಡುವ ಮೊದಲೇ ಎರಡೂ ಕಡೆಯವರು ಏರಿಯ ಮೇಲೆ ಕುಳಿತು, ಇಷ್ಟು ಅಡಿ ನೀರಿಗೆ ಪಂಪು ನಿಲ್ಲಬೇಕು, ಅದರೊಳಗೆ ಮೀನು ಹಿಡಿದು ಮುಗಿಸಬೇಕು ಎಂದು ಗೊತ್ತುಮಾಡಿಕೊಂಡರೆ ಜಗಳಕ್ಕೆ ಎಡೆಯಿರುವುದಿಲ್ಲ.

ಕೊನೆಯ ಮಾತು ನೇರವಾಗಿ ನಮಗೇ ಸಂಬಂಧಿಸಿದ್ದು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ಅದು ಮೊದಲು ಕಿವಿರನ್ನೇ ಕೆಡಿಸುತ್ತದೆ. ನಮ್ಮದೇ ಒಂದು ತೋಟದಲ್ಲಿ ಔಷಧಿಯ ಡ್ರಮ್ಮನ್ನು ಹೊಂಡದಲ್ಲಿ ತೊಳೆದ ಮರುದಿನ ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ್ದನ್ನು ಕಂಡಿದ್ದೇವೆ. ಆಳಿನ ತಪ್ಪೇನಿಲ್ಲ, ನಾವು ಹೇಳಿರಲಿಲ್ಲ. ಕಾಫಿ ಪಲ್ಪಿಂಗ್‌ನ ನೀರೂ ಹಳ್ಳಕ್ಕೆ ಬಿದ್ದು ಕೊಳೆತಾಗ ನೀರಿನ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರಿನ ಕೊರತೆಯೆಂದು ತಿಳಿಯಬೇಕು.

ತೊಳೆದ ನೀರನ್ನು ಹಳ್ಳದಿಂದ ದೂರ ಇಂಗುಗುಂಡಿಗೆ ಬಿಡುವುದು ಕಷ್ಟವಲ್ಲ. ತೋಟದ ಮಣ್ಣು ಕೊಚ್ಚಿಹೋಗದಂತೆ ಬದುವಿಗೆ ಹುಲ್ಲು ಬೆಳೆಸುವುದೂ ಅಷ್ಟೇ ಅಗತ್ಯ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ತೋಟದ ಮಣ್ಣೂ ಇದೆ. ಅದು ನಮಗೂ ನಷ್ಟ, ಕೆಳಗಿನವರಿಗೂ ನಷ್ಟ. ಈ ಸಲ ಔಷಧಿ ಹೊಡೆಸುವ ಮೊದಲು ಡ್ರಮ್ಮು ತೊಳೆಯುವ ಜಾಗವನ್ನು ಗುರುತಿಸಿ, ಕೆಲಸದವರಿಗೂ ತೋರಿಸಿಕೊಡಬೇಕೆಂದು ಸದಸ್ಯ ಬಾಂಧವರಲ್ಲಿ ವಿನಂತಿ.