ಹೊರಾಂಗಣದ ಮರಕ್ಕೆ ಪಾರದರ್ಶಕ ಲೇಪನ

ಮುಂಬಾಗಿಲು, ಕಿಟಕಿ ಮುಂತಾದ ಹೊರಾಂಗಣದ ಮರಗೆಲಸಕ್ಕೆ ಮಳೆಯಷ್ಟೇ ಬಿಸಿಲೂ ಹಾನಿಕರ. ಸೂರ್ಯನ ಅತಿನೇರಳೆ ಕಿರಣಗಳು ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಶವನ್ನು ವಿಘಟಿಸುತ್ತವೆ. ಬಣ್ಣವು ಈ ಕಿರಣಗಳನ್ನು ತಡೆಯುತ್ತದೆ. ಸಾಮಾನ್ಯ ವಾರ್ನಿಷ್ ಅವುಗಳನ್ನು ಒಳಬಿಡುತ್ತದೆ. ಇದರಿಂದ ಲೇಪನದ ಅಡಿಯಲ್ಲಿಯೇ ಮರದ ಮೇಲ್ಮೈ ಶಿಥಿಲಗೊಂಡು ಪದರವು ಸುಲಿದು ಬರುತ್ತದೆ.

ಆದುದರಿಂದ ಲೇಪನದ ಆಯ್ಕೆಯಲ್ಲಿ ಎಚ್ಚರಿಕೆ ಅಗತ್ಯ. ಅರಗಿನ ಪಾಲಿಶ್ ನೀರು ತಗುಲಿದರೆ ಬೆಳ್ಳಗಾಗುವುದರಿಂದ ಒಳಾಂಗಣಕ್ಕೆ ಮಾತ್ರ ಯೋಗ್ಯ. ಸೂರಿನ ಆಶ್ರಯವುಳ್ಳ ಬಾಗಿಲಿಗೆ, ಹೊರಾಂಗಣ ಬಳಕೆಗೆಂದು ಡಬ್ಬಿಯ ಮೇಲೆ ನಮೂದಿಸಿರುವ, ಅತಿನೇರಳೆ ಕಿರಣ ನಿರೋಧಕವುಳ್ಳ ವಾರ್ನಿಷ್ ಸೂಕ್ತ. ಬಯಲಿನಲ್ಲಿರುವ ಬೆಂಚಿನಂತಹ ವಸ್ತುಗಳಿಗೆ ಮರದೊಳಕ್ಕೆ ಇಳಿಯುವ ಎಣ್ಣೆಯ ಲೇಪನ ಮೇಲು. ಅದು ಸುಲಿಯುವುದಿಲ್ಲ, ಆದರೆ ಪದೇ ಪದೇ ಹಚ್ಚಬೇಕಾಗುತ್ತದೆ.

ಮರವು ಚೆನ್ನಾಗಿ ಒಣಗಿದ ಮೇಲೆಯೇ ಲೇಪಿಸಬೇಕು. ನೀರನ್ನು ಹೆಚ್ಚಾಗಿ ಹೀರುವ ಹಲಗೆಯ ತುದಿಗಳನ್ನು ಮರೆಯಬಾರದು. ವಾರ್ನಿಷಿನ ಹೊಳಪು ಮಾಸಿದೊಡನೆ, ಬಿರುಕು ಕಾಣಿಸುವ ಮೊದಲೇ, ಮರಳುಕಾಗದದಿಂದ ಹಗುರವಾಗಿ ಉಜ್ಜಿ ಮತ್ತೊಮ್ಮೆ ಹಚ್ಚಬೇಕು. ತಡಮಾಡಿದರೆ ಹಳೆಯ ಪದರವನ್ನೆಲ್ಲ ಕೆರೆದು ತೆಗೆಯಬೇಕಾದೀತು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಹಾಕಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವುಂಟು. ಅಂತಹ ಬಟ್ಟೆಯನ್ನು ಮನೆಯ ಹೊರಗೆ ಬಿಡಿಸಿ ಹರಡಿ, ಪೂರ್ಣವಾಗಿ ಒಣಗಿದ ನಂತರವೇ ಎಸೆಯತಕ್ಕದ್ದು.